ಇಪ್ಪತ್ಮೂರನೆಯ ಹೃದಯ

ಬೆಳಿಗ್ಗೆ ಒಂಬತ್ತೂಕಾಲಿಗೆ ಪರದೆಯ ಮೇಲೆ ಮೂಡಿದ ಮೊದಲ ಚಿತ್ರ ಕೂದಲೆಳೆಯಷ್ಟು ಅಲುಗಿತ್ತು. ಬೇರೆ ಯಾರಾದರೂ ಕಣ್ಣುಜ್ಜಿಕೊಂಡು ಸುಮ್ಮನಾಗುತ್ತಿದ್ದರು. ಆದರೆ ಸೂಕ್ಷ್ಮದರ್ಶಕದ ಮುಂದೆ ಕೂತಿದ್ದವನು ಪ್ರಯೋಗಾಲಯದವರೆಲ್ಲ ‘ಗಾಬರಪ್ಪ’ ಎಂದು ಕರೆಯುವ ತಂತ್ರಜ್ಞ. ಅವನು ಪರದೆಗೆ ಮೂಗು ತಾಗುವಷ್ಟು ಮುಂದಕ್ಕೆ ಬಾಗಿದ.

ಗಾಜಿನ ತೊಟ್ಟಿಯಲ್ಲಿ ಕಡಲೆಬೀಜದಷ್ಟು ದೊಡ್ಡ ಸುಂಡಿಲಿಯ ಭ್ರೂಣವಿತ್ತು. ಮದ್ದಿನಲ್ಲಿ ನೆನೆಸಿ ಪಾರದರ್ಶಕ ಮಾಡಿದ್ದರಿಂದ ಸಾಸಿವೆಯಷ್ಟಿದ್ದ ಅದರ ಹೃದಯ ಹೊರಗಿನಿಂದಲೇ ಕಾಣುತ್ತಿತ್ತು. ಈ ವಯಸ್ಸಿಗೆ ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆ ಮುಚ್ಚಿಕೊಂಡಿರಬೇಕು. ಒಂದು ಜೀನ್ ಕೆಟ್ಟರೆ ಆ ಗೋಡೆಯಲ್ಲಿ ತೂತು ಉಳಿಯುತ್ತದೆ ಎಂಬುದು ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಅವರ ವಾದ. ಇಪ್ಪತ್ತೆರಡು ಭ್ರೂಣಗಳಲ್ಲಿ ತೂತು ಕಂಡೂ ಇತ್ತು, ಮಸುಕು ಮಸುಕಾಗಿ. ಇದು ಇಪ್ಪತ್ಮೂರನೆಯದು, ಕೊನೆಯದು.

“ಮಂಜು ಕವಿದ ಚಿತ್ರ ನೋಡಿ ನೋಡಿ ಸಾಕಾಯ್ತು,” ಎಂದಿದ್ದರು ಮೇಡಂ. “ಸಂಜೆ ಐದಕ್ಕೆ ಸಮ್ಮೇಳನಕ್ಕೆ ಕಳಿಸ್ಬೇಕು. ಇದೂ ಹಾಗೇ ಬಂದ್ರೆ ಮುಂದಿನ ತಿಂಗಳಿಂದ ನಿನ್ನ ಕೆಲಸಕ್ಕೆ ಬೇರೆಯವರನ್ನ ನೋಡ್ತೀನಿ.”

ಎರಡನೆಯ ಚಿತ್ರ ಇನ್ನೂ ಜಾಸ್ತಿ ನಡುಗಿತು. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಧಪ್ ಧಪ್ ಸದ್ದು ಕೇಳಿಸಿತು. ಯಂತ್ರವನ್ನು ಅದರ ಪಾಡಿಗೆ ಬಿಟ್ಟು ಓಡಿದ. ಗುಮಾಸ್ತೆ ಕಾಗದಗಳಿಗೆ ಮೊಹರು ಒತ್ತುತ್ತಿದ್ದಳು.

“ಅಕ್ಕಾ, ಇವತ್ತೊಂದಿನ ಒತ್ಬೇಡಿ. ಇಲಿ ಅಲುಗಾಡುತ್ತೆ.”

“ಯಾಕಪ್ಪಾ, ಅದಕ್ಕೆ ನಿದ್ದೆ ಕೆಡುತ್ತಾ?”

“ಅದು ಸತ್ತಿದೆ ಅಕ್ಕಾ.”

“ಸತ್ತಿರೋದಕ್ಕೇ ಇಷ್ಟೊಂದು ಉಪಚಾರ. ಬದುಕಿರೋ ನಮ್ಮನ್ನ ಕೇಳೋರಿಲ್ಲ,” ಎಂದು ಅವಳು ಮೊಹರನ್ನು ಡ್ರಾಯರಿಗೆ ತಳ್ಳಿದಳು.

ವಾಪಸ್ಸು ಬಂದು ನೋಡಿದರೆ, ಅವನು ಹೊರಗಿದ್ದಾಗ ಬಿದ್ದ ಹತ್ತೂ ಚಿತ್ರಗಳು ತೊಳೆದಿಟ್ಟಂತಿದ್ದವು. ಗುಮಾಸ್ತೆಯದೇ ಕಿತಾಪತಿ ಎಂದುಕೊಂಡು ಕೂತ. ಐದು ನಿಮಿಷದಲ್ಲಿ ಪರದೆಗೆ ಮತ್ತೆ ಚಳಿಜ್ವರ ಬಂತು.

ಹಾಗಾದರೆ ಲಿಫ್ಟು. ಮತ್ತೆ ಓಡಿದ. ಲಿಫ್ಟು ನಡೆಸುವ ಯಜಮಾನರಿಗೆ ಕೈಮುಗಿದು, ಗಡ್ಡ ಹಿಡಿಯುವುದೊಂದು ಬಾಕಿ ಎನ್ನುವಷ್ಟು ಗೋಗರೆದು, ಲಿಫ್ಟನ್ನು ನಿಲ್ಲಿಸಿದ. ಸಂಸ್ಥೆಯ ಮೊಣಕಾಲು ನೋವಿನ ನಿರ್ದೇಶಕರು ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿದರು. ಅಷ್ಟು ಹೊತ್ತೂ ಚಿತ್ರಗಳು ಸ್ಫಟಿಕದಂತೆ ಬಂದಿದ್ದವು. ಅವನು ಬಂದು ಕೂತ, ಮತ್ತೆ ನಡುಕ.

ಕೊನೆಗೆ ಉಳಿದದ್ದು ನೀರಿನ ಪಂಪು. ಯಾರನ್ನೂ ಕೇಳದೆ ಅದನ್ನೂ ಆರಿಸಿ ಬಂದ. ಹನ್ನೆರಡೂವರೆಗೆ ಕಟ್ಟಡದಲ್ಲಿ ಕೈತೊಳೆಯಲು ನೀರಿಲ್ಲ. ಊಟದ ಡಬ್ಬಿ ಹಿಡಿದವರೆಲ್ಲ ಅವನ ಬಾಗಿಲಿಗೆ ಬಂದು ನಿಂತರು. ಅವನು ತಿರುಗಿಯೂ ನೋಡಲಿಲ್ಲ. ಪರದೆಯ ಮೇಲೆ ಹೃದಯ ಗಾಳಿಗೆ ಸಿಕ್ಕ ಪಟದಂತೆ ಹಾರಾಡುತ್ತಿತ್ತು.

ಒರೆಸಲು ನೀರಿಲ್ಲದೆ ಬರೀ ಪೊರಕೆ ಹಿಡಿದು ಬಂದ ಕಸ ಗುಡಿಸುವ ಅಮ್ಮ ಮೇಜಿನಡಿ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

“ಮಗಾ, ಮೊಹರು ನಿಲ್ಲಿಸ್ದೆ, ಲಿಫ್ಟು ನಿಲ್ಲಿಸ್ದೆ, ಪಂಪು ನಿಲ್ಲಿಸ್ದೆ. ಈ ಕಾಲು ಯಾವಾಗ ನಿಲ್ಲಿಸ್ತೀಯಾ?”

ಅವನು ಕೆಳಗೆ ನೋಡಿದ. ಅವನ ಬಲಗಾಲು ಹೊಲಿಗೆ ಯಂತ್ರ ತುಳಿಯುವಂತೆ ಒಂದೇ ಸಮನೆ ಕುಣಿಯುತ್ತಿತ್ತು. ಮೊಣಕಾಲು ಸೂಕ್ಷ್ಮದರ್ಶಕದ ಮೇಜಿನ ಕಾಲಿಗೆ ಟಕಟಕ ಬಡಿಯುತ್ತಿತ್ತು. ಎಷ್ಟು ವರ್ಷದಿಂದ ಹೀಗೆ ಕುಣಿಯುತ್ತಿತ್ತೋ, ಅವನಿಗೇ ಗೊತ್ತಿರಲಿಲ್ಲ.

ಬಾಗಿಲಲ್ಲಿ ನಿಂತವರು ನಕ್ಕ ನಗೆಗೆ ಅವನ ಮುಖ ಇಷ್ಟೇ ಇಷ್ಟಾಯಿತು. ಪಂಪು ಹಾಕಿ ಬಂದ. ಒಂದು ಹೃದಯಕ್ಕೆ ಬೇಕಾದ ಎಂಟುನೂರು ಚಿತ್ರಗಳನ್ನೂ ಮೊದಲಿನಿಂದ ತೆಗೆಯಲು ಯಂತ್ರಕ್ಕೆ ಹೇಳಿ, ತಾನು ಹೊರಗೆ ಹೋಗಿ ನಿಂತ. ಮೂರೂವರೆ ಗಂಟೆ ನಿಂತ. ಲಿಫ್ಟಿನ ಯಜಮಾನರು, “ಕಾಲಿಗೆ ಹಗ್ಗ ಬೇಕಾ?” ಎಂದು ವಿಚಾರಿಸಿಕೊಂಡು ಹೋದರು. ಗುಮಾಸ್ತೆ ಬಾಕಿ ಉಳಿದ ಮೊಹರನ್ನೆಲ್ಲ ಬೇಕೆಂದೇ ಜೋರಾಗಿ ಒತ್ತಿದಳು.

ನಾಲ್ಕೂವರೆಗೆ ಮೇಡಂ ಬಂದರು. ಒಂದು ಚಿತ್ರವೂ ಮಿಸುಕಿರಲಿಲ್ಲ.

“ಇಂಥ ಚಿತ್ರ ನಾನು ನೋಡೇ ಇಲ್ಲ,” ಎಂದು ಅವನ ಬೆನ್ನು ತಟ್ಟಿದರು. “ನೀನು ಎಲ್ಲೂ ಹೋಗೋದು ಬೇಡ, ಇಲ್ಲೇ ಇರು.”

ಬೆಳಗಿನಿಂದ ಮೊದಲ ಸಲ ಅವನು ಸರಾಗವಾಗಿ ಉಸಿರಾಡಿದ. ಸಂತೋಷಕ್ಕೆ ಕಾಲಿನ ಕತೆಯನ್ನೂ ಹೇಳಿಬಿಟ್ಟ. ಮೇಡಂ ನಗುತ್ತಲೇ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಸರಿಸುತ್ತ ಸರಿಸುತ್ತ ನಗು ಸಣ್ಣಗಾಯಿತು.

“ತೂತೆಲ್ಲಿ?”

ಗೋಡೆ ಮೇಲಿನಿಂದ ಕೆಳಗಿನವರೆಗೆ ಈಗ ತಾನೇ ಗಿಲಾವು ಮಾಡಿದಂತೆ ನಯವಾಗಿ ಮುಚ್ಚಿಕೊಂಡಿತ್ತು. ಮೇಡಂ ಚೀಟಿ ನೋಡಿದರು. ಜೀನ್ ಕೆಟ್ಟ ಭ್ರೂಣವೇ. ಮತ್ತೆ ಬೆಳಗಿನ ಅಲುಗಿದ ಚಿತ್ರಗಳನ್ನು ತೆಗೆದು ಪಕ್ಕಕ್ಕಿಟ್ಟರು. ಅದೇ ಹೃದಯ, ಅದೇ ಗೋಡೆ. ಚಿತ್ರ ಸರಿದ ಕಡೆಯಲ್ಲೆಲ್ಲ ಗೋಡೆ ಮುರಿದು ಚೆಂದದ ತೂತು ಬಿದ್ದಿತ್ತು.

“ಹಿಂದಿನ ಇಪ್ಪತ್ತೆರಡಕ್ಕೂ ಈ ಕುರ್ಚಿಲಿ ಕೂತಿದ್ದವರು ಯಾರು?” ಮೇಡಂ ಮೆಲ್ಲಗೆ ಕೇಳಿದರು.

“ನಾನೇ, ಮೇಡಂ.”

ಮೇಡಂ ಐದಕ್ಕೆ ಐದು ನಿಮಿಷವಿದ್ದಾಗ ಸಮ್ಮೇಳನದವರಿಗೆ ಎರಡು ಸಾಲಿನ ಕ್ಷಮಾಪಣೆ ಬರೆದು ಎದ್ದರು.

“ನಾಳೆಯಿಂದ ಇಪ್ಪತ್ತೆರಡನ್ನೂ ಮತ್ತೆ ತೆಗಿ,” ಎಂದರು. “ಹೊರಗೆ ನಿಂತ್ಕೊಂಡು.”