ಎರಡು ಕೂಜಾ, ಎರಡು ಸ್ಟವ್ವು, ಒಂದು ಹಡಗು

ಊರಿಗೆ ಹೊರಟಾಗ ಏನಾದರೂ ಒಂದನ್ನು ಮನೆಯಲ್ಲೇ ಬಿಟ್ಟು ಬರುವುದು ನಮ್ಮ ಮನೆಯವರ ಜಾಯಮಾನ. ಮದುವೆಗೆ ಹೊರಟರೆ ಉಡುಗೊರೆ ಬಿಟ್ಟು ಬರುತ್ತೇವೆ. ತಿರುಪತಿಗೆ ಹೊರಟು, ಮುಡಿ ಕೊಡಬೇಕಾದ ಮಗುವನ್ನೇ ಪಕ್ಕದ ಮನೆಯಲ್ಲಿ ಮರೆತು ಬಸ್ ಸ್ಟ್ಯಾಂಡಿನವರೆಗೂ ಹೋಗಿದ್ದೇವೆ. ಇದು ಇವತ್ತಿಗೂ ನಿಂತಿಲ್ಲ. ಆದರೆ ಎಲ್ಲರೂ ಸೇರಿ ಹಡಗು ಹತ್ತಿ ಅಂಡಮಾನಿಗೆ ಹೋದಾಗ ಆದದ್ದನ್ನು ನೆನೆಸಿಕೊಂಡರೆ ಈಗಲೂ ಮೊದಲು ಎದೆ ಝಲ್ಲೆನ್ನುತ್ತದೆ, ನಗು ಬರುವುದು ಆಮೇಲೆ.

ಎಪ್ಪತ್ತರ ದಶಕದ ಕೊನೆ ಇರಬೇಕು. ನಾವು ಜಾಲಹಳ್ಳಿಯ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮವರಿಗೆ ಟೂಲ್ ರೂಮಿನಲ್ಲಿ ಕೆಲಸ. ಮೈದುನ ಬ್ಯಾಂಕಿನಲ್ಲಿದ್ದ, ಮನೆ ಆರ್.ಟಿ. ನಗರ. ಅತ್ತೆ ಒಂದು ತಿಂಗಳು ನಮ್ಮಲ್ಲಿ, ಒಂದು ತಿಂಗಳು ಅಲ್ಲಿ. ಅಣ್ಣತಮ್ಮಂದಿರಿಗೆ ಮಾತಿರಲಿಲ್ಲ. ಕಾರಣ, ನಮ್ಮ ದೊಡ್ಡ ಮಗನ ಮುಂಜಿ. ಆಹ್ವಾನ ಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಅಂತ ಇರುತ್ತದಲ್ಲ, ಅಲ್ಲಿ ಮೈದುನನ ಹೆಸರು ಬಿಟ್ಟುಹೋಗಿತ್ತು. ತಪ್ಪು ಪ್ರೆಸ್ಸಿನವನದು. ಮೈದುನ ಯಲಹಂಕದ ಛತ್ರಕ್ಕೆ ಬಂದ, ಮಂತ್ರಾಕ್ಷತೆ ಹಾಕಿದ, ಎಲೆಯ ಮುಂದೆ ಕೂರದೆ ಹೊರಟುಹೋದ. ಇವರೂ ಹಿಂದೆ ಹೋಗಿ ಕರೆಯಲಿಲ್ಲ. ಮುಂಜಿಯಾದ ಹುಡುಗನಿಗೆ ಮೀಸೆ ಚಿಗುರಿದರೂ ಇವರಿಬ್ಬರ ಸಿಟ್ಟು ಇಳಿಯಲಿಲ್ಲ.

ಮಾತಿಲ್ಲ ಅಂದರೆ ಸುಮ್ಮನಿರುತ್ತಿದ್ದರು ಅಂತಲ್ಲ. ಹಬ್ಬಕ್ಕೆ ಸೇರಿದಾಗ ಒಂದೇ ಕೋಣೆಯಲ್ಲಿ ಎದುರುಬದುರು ಕೂತು, "ಅಮ್ಮಾ, ಅವನಿಗೆ ಹೇಳು, ಫ್ಯಾನ್ ಸ್ವಲ್ಪ ಜೋರು ಮಾಡ್ಲಿ" ಅನ್ನುತ್ತಿದ್ದರು ಇವರು. "ಅಮ್ಮಾ, ಇರೋದೇ ಇಷ್ಟು ಜೋರು ಅಂತ ಹೇಳು" ಅನ್ನುತ್ತಿದ್ದ ಅವನು. ಮಧ್ಯೆ ಅತ್ತೆ, ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿಕೊಂಡು, ಕೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತಿದ್ದರು.

ಆ ವರ್ಷ ಯಶವಂತಪುರದ ಡಾಕ್ಟರು ಅತ್ತೆಯ ಎದೆ ಪರೀಕ್ಷೆ ಮಾಡಿ, ಹೃದಯ ಸೋತಿದೆ, ಮಾತ್ರೆ ಒಂದು ದಿನವೂ ತಪ್ಪಿಸಬೇಡಿ ಅಂದರು. ಮನೆಗೆ ಬಂದವರೇ ಅತ್ತೆ, "ನಾನು ಸಮುದ್ರ ನೋಡ್ಬೇಕು. ಇಬ್ರೂ ಸೇರಿ ಕರ್ಕೊಂಡು ಹೋಗ್ಬೇಕು. ಒಬ್ಬನ ಜೊತೆ ಅಂದ್ರೆ ನಾನು ಬರಲ್ಲ" ಅಂತ ಹಟ ಹಿಡಿದರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಹತ್ತಿರ ಮೆಲ್ಲಗೆ ಹೇಳಿದರು: "ಸಮುದ್ರ ಹಾಳಾಗ್ಲಿ ಕಣಮ್ಮ. ಅವರಿಬ್ರೂ ಮುಖ ನೋಡ್ಕೊಂಡು ಮಾತಾಡೋದನ್ನ ನಾನು ನೋಡ್ಬೇಕು. ನನ್ನ ಹೆಣದ ಮುಂದೆ ನಿಂತು ಮಾತಾಡ್ಕೊಂಡ್ರೆ ನನಗೇನು ಕೇಳ್ಸತ್ತಾ?"

ಇವರ ಫ್ಯಾಕ್ಟರಿಯಲ್ಲೂ ಅವನ ಬ್ಯಾಂಕಿನಲ್ಲೂ ಪ್ರವಾಸಕ್ಕೆ ಎಲ್‌ಟಿಸಿ ಅಂತ ಕೊಡುತ್ತಿದ್ದರು. ಖರ್ಚು ಅವರದೇ ಅಂದಮೇಲೆ ದೂರದ ಅಂಡಮಾನೇ ಇರಲಿ ಅಂತ ಇಬ್ಬರೂ ಅರ್ಜಿ ಹಾಕಿದರು.

ಪಾರ್ಕಿನ ಉಯ್ಯಾಲೆ

ಕ್ವಾರ್ಟರ್ಸಿನಲ್ಲಿ ಸುದ್ದಿ ಹಬ್ಬಿದ್ದೇ ತಡ, ಮನೆ ತುಂಬ ಸಲಹೆ. ನಿಜವಾಗಿ ಹಡಗು ಹತ್ತಿದ್ದವರು ಇವರ ಫ್ಯಾಕ್ಟರಿಯ ಹಿರಿಯರು ಒಬ್ಬರೇ. ಅವರು ಹೇಳಿದ್ದು ನಾಲ್ಕೇ ಮಾತು: ನಿಂಬೆಹಣ್ಣು, ಟಾರ್ಚು, ಬಟ್ಟೆ ಒಣಗಿಸೋಕೆ ಹಗ್ಗ, ಟ್ರಂಕಿಗೆ ಬೀಗ. ಹಡಗು ಕಾಣದವರ ಸಲಹೆ ಮಾತ್ರ ಮುಗಿಯಲೇ ಇಲ್ಲ. ಒಬ್ಬರು, ದಿಂಬು ಹತ್ತಿಯದು ಬೇಡ, ಬೂರುಗದ್ದು ಇರಲಿ, ಮುಳುಗಿದರೆ ತೇಲತ್ತೆ ಅಂದರು. ಎದುರುಮನೆಯಾಕೆ ನಮ್ಮ ಹಿತ್ತಾಳೆ ಕೂಜಾ ನೋಡಿ, "ಸುತ್ತ ನೀರೇ ಇರತ್ತಲ್ರೀ, ಇದನ್ಯಾಕೆ ಹೊರ್ತೀರಿ?" ಅಂದರು.

ನಮ್ಮವರಿಗೆ ಚಿಂತೆ ಬೇರೆ. ಹಡಗು ಅಲ್ಲಾಡಿದರೆ ವಾಂತಿಯಾಗುತ್ತದಂತೆ, ಮೊದಲೇ ಅಭ್ಯಾಸ ಮಾಡಿಕೊಳ್ಳಬೇಕು ಅಂತ ಭಾನುವಾರ ಸಂಜೆ ನಮ್ಮನ್ನೆಲ್ಲ ಕ್ವಾರ್ಟರ್ಸಿನ ಪಾರ್ಕಿಗೆ ಕರೆದುಕೊಂಡು ಹೋದರು. ಮಕ್ಕಳನ್ನು ಉಯ್ಯಾಲೆಗೆ ಹತ್ತಿಸಿದರು, ನನ್ನನ್ನೂ ಹತ್ತಿಸಿದರು. ಹೃದಯದ ಕಾಯಿಲೆಯವರು ಅಂತ ಅತ್ತೆಯನ್ನು ಮಾತ್ರ ಕಲ್ಲುಬೆಂಚಿನ ಮೇಲೆ ಕೂರಿಸಿದರು. "ಉಸಿರು ಹಿಡೀಬೇಡಿ, ದೂರ ನೋಡಿ, ಹೊಟ್ಟೆ ಸಡಿಲ ಬಿಡಿ" ಅಂತ ಪಾಠ ಬೇರೆ.

ಮಕ್ಕಳಿಗೆ ಏನೂ ಆಗಲಿಲ್ಲ. ನನಗೂ ಆಗಲಿಲ್ಲ. ಕೊನೆಗೆ, ಹೇಗೆ ಅಂತ ತೋರಿಸಲು ತಾವೇ ಕೂತರು. ಐದನೇ ತೂಗಿಗೆ ಇಳಿದು ಕಾಕಡ ಗಿಡದ ಹಿಂದೆ ಓಡಿದರು. ಅತ್ತೆ ಬೆಂಚಿನಿಂದಲೇ, "ಇವನು ಹುಟ್ಟಿದಾಗ್ಲೂ ತೊಟ್ಟಿಲು ತೂಗೋ ಹಾಗಿರ್ಲಿಲ್ಲ" ಅಂದರು.

ಸೂಜಿಯೂ ಬೇಡ

ಸಾಮಾನು ಹಂಚಿಕೊಂಡು ತರೋಣ ಅಂತ ನಾನೂ ಓರಗಿತ್ತಿಯೂ ಮಾತಾಡಿಕೊಂಡಿದ್ದೆವು. ನಮ್ಮಿಬ್ಬರಿಗೆ ಯಾವ ಜಗಳವೂ ಇರಲಿಲ್ಲ. ಅಡುಗೆ ಸಾಮಾನು ಅವಳದು, ಹಾಸಿಗೆ ನನ್ನದು ಅಂತ ತೀರ್ಮಾನ. ನಮ್ಮವರ ಕಿವಿಗೆ ಇದು ಬಿತ್ತು. "ಅವನ ಸ್ಟವ್‌ನಲ್ಲಿ ಕಾಸಿದ ಕಾಫಿ ನಾನು ಕುಡೀಬೇಕಾ? ಆ ಮನೆಯದು ಒಂದು ಸೂಜಿಯೂ ನಮಗೆ ಬೇಡ" ಅಂದರು. ಅತ್ತ ಆರ್.ಟಿ. ನಗರದಲ್ಲೂ ಇದೇ ಮಾತು, ಸೂಜಿಯ ಬದಲು ಗುಂಡುಪಿನ್ನು, ಅಷ್ಟೇ.

ಸರಿ, ಮದ್ರಾಸಿನ ರೈಲು ಹತ್ತಲು ಸಿಟಿ ಸ್ಟೇಷನ್ನಿನಲ್ಲಿ ಸೇರಿದಾಗ ನೋಡಬೇಕಿತ್ತು. ಹಾಸಿಗೆ ಸುತ್ತಿದ ಹೋಲ್ಡಾಲು ಅವರದೊಂದು, ನಮ್ಮದೊಂದು. ಅವರದೊಂದು ಕೂಜಾ, ನಮ್ಮದೊಂದು. ಎರಡು ಪಂಪ್ ಸ್ಟವ್ವು, ಎರಡು ಡಬ್ಬ ಚಕ್ಕುಲಿ, ಎರಡು ಭರಣಿ ಉಪ್ಪಿನಕಾಯಿ, ಎರಡು ಚೀಲ ನಿಂಬೆಹಣ್ಣು. ಕೂಲಿಯವನು ಸುತ್ತ ಒಂದು ಸಲ ನೋಡಿ, "ಏನ್ ಸ್ವಾಮಿ, ಎರಡು ದಿಬ್ಬಣ ಒಟ್ಟಿಗೇ ಹೊರಟಿದ್ಯಾ?" ಅಂತ ಕೇಳಿದ.

ಮದ್ರಾಸಿನ ಬಂದರಿನಲ್ಲಿ ತಪಾಸಣೆಯವರು ಸ್ಟವ್ ಒಳಗೆ ಬಿಡುವುದಿಲ್ಲ ಅಂದರು. ಬೆಂಕಿಯ ಭಯ, ನ್ಯಾಯವೇ. "ಒಂದೇ ಫ್ಯಾಮಿಲಿ, ಎರಡು ಸ್ಟವ್ ಯಾಕೆ?" ಅಂತ ಆ ಅಧಿಕಾರಿ ಕೇಳಿದರು. ನಮ್ಮವರು, ಮೈದುನ ಇಬ್ಬರೂ ಅಮ್ಮನ ಮುಖ ನೋಡಿದರು. ಅತ್ತೆಗೆ ಬೆಂಗಳೂರಿನ ತಮಿಳು ಚೆನ್ನಾಗಿ ಬರುತ್ತಿತ್ತು. "ಇಬ್ಬರು ಮಕ್ಕಳು ಸ್ವಾಮಿ, ಎರಡಕ್ಕೂ ಹೊಟ್ಟೆಯುರಿ ಬೇರೆ ಬೇರೆ" ಅಂದರು. ಅಧಿಕಾರಿ ನಕ್ಕು, ಸ್ಟವ್ ಮಾತ್ರ ಇಟ್ಟುಕೊಂಡು ಮಿಕ್ಕಿದ್ದನ್ನೆಲ್ಲ ಬಿಟ್ಟರು.

ಚಾಕು ಯಾರ ಹತ್ರ?

ಹಡಗಿನೊಳಗೆ ಒಂದರ ಮೇಲೊಂದು ಮಂಚ. ಅಣ್ಣನಿಗೆ ಕೆಳಗಿನದು, ತಮ್ಮನಿಗೆ ಅದರ ಮೇಲಿನದು. ದಡ ಮರೆಯಾಗುವವರೆಗೆ ಎಲ್ಲರೂ ಕೈ ಬೀಸಿದೆವು. ಮರೆಯಾದ ಮೇಲೆ ಒಬ್ಬೊಬ್ಬರೇ ಹಾಸಿಗೆ ಹಿಡಿದೆವು. ಮೊದಲು ನಮ್ಮವರು, ಆಮೇಲೆ ಮೈದುನ, ಆಮೇಲೆ ಓರಗಿತ್ತಿ, ನಾನು. ನಡೆದಾಡಿಕೊಂಡು ಇದ್ದವರು ಮಕ್ಕಳು ಮತ್ತು ಹೃದಯ ಸೋತ ನಮ್ಮ ಅತ್ತೆ.

ಅತ್ತೆ ನಿಂಬೆಹಣ್ಣಿನ ಚೀಲ ತಂದು, "ಚಾಕು ಕೊಡ್ರೇ" ಅಂದರು. ನಾನು ಓರಗಿತ್ತಿಯನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಎರಡು ಚೀಲ ನಿಂಬೆಹಣ್ಣಿತ್ತು, ಒಂದು ಚಾಕು ಇರಲಿಲ್ಲ. ಹುಡುಕುತ್ತಾ ಹೋದರೆ ಚಮಚ ಇಲ್ಲ, ಬೆಂಕಿಪೊಟ್ಟಣ ಇಲ್ಲ, ಹೊಲಿಗೆ ಬಿಟ್ಟ ರವಿಕೆಗೆ ಹಾಕಿಕೊಳ್ಳಲು ಒಂದು ಪಿನ್ನಿಲ್ಲ. ಟ್ರಂಕಿಗೆ ಬೀಗ ಇತ್ತು, ಕೀಲಿಕೈ ಜಾಲಹಳ್ಳಿಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಆಗ ನನಗೆ ತಿಳಿಯಿತು, ದೊಡ್ಡ ಸಾಮಾನನ್ನು ಹಟಕ್ಕೆ ಬಿದ್ದು ಇಬ್ಬರೂ ತಂದಿದ್ದೇವೆ, ಸಣ್ಣದರ ಮೇಲೆ ಹಟ ಮಾಡಲು ಯಾರಿಗೂ ತೋಚಿಲ್ಲ.

ಅತ್ತೆ ನಿಂಬೆಹಣ್ಣನ್ನು ನೆಲಕ್ಕಿಟ್ಟು ಕೂಜಾದ ತಳದಿಂದ ಜಜ್ಜಿದರು. ರಸವನ್ನು ನೀರಿಗೆ ಹಿಂಡಿ ಒಬ್ಬೊಬ್ಬರಿಗೇ ಕುಡಿಸುತ್ತಾ ಬಂದರು. ಕೆಳಗಿನ ಮಂಚದಿಂದ ಇವರು, "ಅಮ್ಮಾ, ಮೇಲೆ ಅಷ್ಟು ಹೊರಳಬೇಡ ಅಂತ ಅವನಿಗೆ ಹೇಳು" ಅಂದರು. ಮೇಲಿನಿಂದ, "ಹೊರಳ್ತಿರೋದು ನಾನಲ್ಲ, ಹಡಗು ಅಂತ ಹೇಳಮ್ಮ" ಅಂತ ಉತ್ತರ ಬಂತು.

ಅತ್ತೆ ಲೋಟ ಹಿಡಿದುಕೊಂಡೇ, "ನಾನು ಹಡಗಿಗೇ ಹೇಳ್ತೀನಿ, ಅದು ಕೇಳಿದ್ರೂ ಕೇಳೀತು" ಅಂದರು.

ಏಕಾದಶಿ

ಟಿಕೆಟ್ಟು ತೆಗೆಸುವಾಗ ಯಾರೂ ಪಂಚಾಂಗ ನೋಡಿರಲಿಲ್ಲ. ಮೂರನೆಯ ದಿನ ಏಕಾದಶಿ ಬಂತು. ಏಕಾದಶಿ ಅಂದರೆ ಅತ್ತೆಗೆ ಉಪವಾಸ ಮಾತ್ರವಲ್ಲ, ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ ಮೌನ. ಮದುವೆಯಾದಾಗಿನಿಂದ ನಡೆಸಿಕೊಂಡು ಬಂದ ವ್ರತ. ಬೇರೆ ಬೇರೆ ಮನೆಯಲ್ಲಿದ್ದಾಗ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ.

ಬೆಳಿಗ್ಗೆ ಡೆಕ್ಕಿನ ಮೇಲೆ ಎಲ್ಲರೂ ಕೂತಿದ್ದೆವು. ಸಮುದ್ರ ಶಾಂತವಾಗಿತ್ತು, ನಮ್ಮ ಹೊಟ್ಟೆಗಳೂ ಶಾಂತವಾಗಿದ್ದವು. ಇವರು, "ಅಮ್ಮಾ, ಮಕ್ಕಳು ಕಂಬಿ ಹತ್ತಿರ ಹೋಗ್ತಿದಾರೆ, ಅವನಿಗೆ ನೋಡ್ಕೋ ಅಂತ ಹೇಳು" ಅಂದರು. ಅತ್ತೆ ತುಟಿಯ ಮೇಲೆ ಬೆರಳಿಟ್ಟರು. ಇವರು ನನ್ನ ಕಡೆ ತಿರುಗಿದರು. "ಏನೇ, ನೀನಾದ್ರೂ ಹೇಳು ಅವನಿಗೆ." ನನಗೂ ಸಾಕಾಗಿತ್ತು. "ನಂಗೂ ಇವತ್ತು ಏಕಾದಶಿ" ಅಂದೆ. ಮಕ್ಕಳನ್ನು ಕೊನೆಗೆ ಎಳೆದು ತಂದದ್ದು ಹಡಗಿನ ಒಬ್ಬ ಕೆಲಸಗಾರ.

ಮಧ್ಯಾಹ್ನ ಬಿಸಿಲೇರಿತು. ನೆರಳಿಗೆ ಬನ್ನಿ ಅಂತ ಕರೆಯಲು ಹೋದರೆ ಅತ್ತೆ ಎದೆ ಹಿಡಿದುಕೊಂಡು ಬೆಂಚಿಗೆ ಒರಗಿದ್ದರು. ಹಣೆಯ ತುಂಬ ಬೆವರು. ಕೂಗಿದೆ. ಗಂಡಸರಿಬ್ಬರೂ ಓಡಿ ಬಂದು ಒಬ್ಬ ಭುಜ, ಒಬ್ಬ ಕಾಲು ಹಿಡಿದು ಕೆಳಗೆ ಮಂಚಕ್ಕೆ ತಂದರು. "ಅಮ್ಮನ ಮಾತ್ರೆ ಕೊಡೇ, ಬೇಗ" ಅಂದೆ ಓರಗಿತ್ತಿಗೆ. "ಅಕ್ಕಾ, ನಿಮ್ಮ ಹತ್ರ ಇಲ್ವಾ?" ಅಂದಳು ಅವಳು.

ಅಯ್ಯೋ ದೇವರೇ! ಹೊರಡುವ ವಾರವಷ್ಟೇ ಅತ್ತೆ ಆರ್.ಟಿ. ನಗರದಿಂದ ನಮ್ಮ ಮನೆಗೆ ಬಂದಿದ್ದರು. ಬರುವಾಗ ಒಂದು ವಾರಕ್ಕಾಗುವಷ್ಟೇ ಮಾತ್ರೆ ತಂದಿದ್ದರು. ಮಿಕ್ಕದ್ದು ಅವಳು ತರುತ್ತಾಳೆ ಅಂತ ನಾನು, ನಾನು ತೆಗೆಸಿಟ್ಟಿರುತ್ತೇನೆ ಅಂತ ಅವಳು. ತನ್ನಿಂದ ಇನ್ನೊಂದು ರಗಳೆ ಬೇಡ ಅಂತ ಅತ್ತೆ ಮಾತ್ರೆ ಮುಗಿದದ್ದನ್ನು ಯಾರಿಗೂ ಹೇಳಿರಲಿಲ್ಲ. ಎಲ್ಲವನ್ನೂ ಎರಡೆರಡು ತಂದ ನಾವು ಅವರ ಜೀವ ಉಳಿಸುವ ಒಂದು ಮಾತ್ರೆ ತಂದಿರಲಿಲ್ಲ.

ಹಡಗಿನ ಡಾಕ್ಟರು ಬಂದರು. ಬಂಗಾಳದವರು, ವಯಸ್ಸಾದವರು. ನಾಡಿ ಹಿಡಿದು, ಅತ್ತೆ ದಿನಾ ತೆಗೆದುಕೊಳ್ಳುವ ಔಷಧಿ ಯಾವುದು, ಎಷ್ಟು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನಮ್ಮವರಿಗೂ ನನಗೂ ಗೊತ್ತಿದ್ದದ್ದು ಬೆಳಿಗ್ಗೆ ಬಿಳಿಯದು ಒಂದು, ರಾತ್ರಿ ಹಳದಿಯದು ಅರ್ಧ ಅಂತ. ಹೆಸರು ಗೊತ್ತಿಲ್ಲ. ಅಂಗಡಿಯಿಂದ ತರುತ್ತಿದ್ದ ಮೈದುನನಿಗೆ ಹೆಸರು ಎರಡೂ ಬಾಯಿಪಾಠ, ಕೊಡುತ್ತಿದ್ದದ್ದು ಹೆಂಡತಿ, ಯಾವುದು ಯಾವಾಗ ಅಂತ ಗೊತ್ತಿಲ್ಲ. ಆ ಹೆಂಡತಿಯೋ ಬಾಗಿಲ ಬಳಿ ಅಳುತ್ತಾ ಕೂತಿದ್ದಳು, ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಡಾಕ್ಟರು ಇಬ್ಬರನ್ನೂ ನೋಡಿ, "ನೀವಿಬ್ಬರೂ ಸ್ವಲ್ಪ ಮಾತಾಡಿಕೊಂಡು ನನಗೆ ಹೇಳ್ತೀರಾ?" ಅಂದರು.

ಅಭ್ಯಾಸಬಲ ನೋಡಿ. ಇಬ್ಬರೂ ಒಟ್ಟಿಗೆ ತಿರುಗಿ, "ಅಮ್ಮಾ, ಅವನಿಗೆ..." ಅಂದರು. ಅಂದವರು ಅಲ್ಲಿಗೇ ನಿಂತುಬಿಟ್ಟರು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದರು. ಹೇಳುವವರು ಯಾರೂ ಇರಲಿಲ್ಲ.

ಮೊದಲು ಬಾಯಿ ತೆರೆದವನು ಮೈದುನ. "ಅಣ್ಣಾ, ಹಳದೀದು ಚಪ್ಪಟೆಯಾಗಿರತ್ತಾ, ಗುಂಡಗಿರತ್ತಾ?"

"ಚಪ್ಪಟೆ ಕಣೋ. ಮಧ್ಯೆ ಗೆರೆ ಇರತ್ತೆ."

"ಹಾಗಾದ್ರೆ ಗೊತ್ತಾಯ್ತು ಬಿಡು" ಅಂದವನೇ ಡಾಕ್ಟರಿಗೆ ಹೆಸರು ಹೇಳಿದ. ಅವರ ಪೆಟ್ಟಿಗೆಯಲ್ಲಿ ಆ ಮಾತ್ರೆಯಿತ್ತು. ಅರ್ಧ ಗಂಟೆಯೊಳಗೆ ಅತ್ತೆಯ ಬೆವರು ಆರಿತು, ಮುಖಕ್ಕೆ ಬಣ್ಣ ಬಂತು. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ. ಡಾಕ್ಟರು ಹಣ್ಣಿನ ರಸ ಕುಡಿಸಿ ಅಂತ ಹೇಳಿ, ಸುತ್ತಮುತ್ತ ಗಲಾಟೆ ಮಾತ್ರ ಇರಕೂಡದು ಅಂತ ಎಚ್ಚರಿಸಿ ಹೋದರು.

ಅವರು ಅತ್ತ ಹೋದರೋ ಇಲ್ಲವೋ, ಇತ್ತ ಶುರುವಾಯಿತು.

"ಮಾತ್ರೆ ಕಟ್ಟಿ ಕಳಿಸಬೇಕು ಅಂತ ನಿನಗೆ ಗೊತ್ತಾಗಲ್ವೇನೋ?"

"ನೀನು ಒಂದು ಮಾತು ಕೇಳ್ಬಹುದಿತ್ತಲ್ಲ?"

"ಕೇಳೋಕೆ ನೀನು ಮಾತಾಡ್ತಿದ್ಯಾ?"

"ಮಾತು ಬಿಟ್ಟಿದ್ದು ನಾನಾ? ಪತ್ರಿಕೆಯಲ್ಲಿ ಹೆಸರು ಬಿಟ್ಟಿದ್ಯಾರು?"

"ಬಿಟ್ಟವನು ಪ್ರೆಸ್ಸಿನವನು ಕಣೋ! ನೀನು ಊಟ ಮಾಡ್ದೆ ಹೋದೆಯಲ್ಲ, ಅವತ್ತು ನಾನೂ ಉಣ್ಣಲಿಲ್ಲ, ಗೊತ್ತಾ ನಿಂಗೆ?"

"ಅದನ್ನ ಅವತ್ತೇ ಬಂದು ಹೇಳೋಕೇನಾಗಿತ್ತು ನಿಂಗೆ?"

ಅಲ್ಲಿಂದ ಹಿಂದಕ್ಕೆ ಹೋದರು. ಇಸ್ಕೂಲಿನಲ್ಲಿ ಮುರಿದ ಪೆನ್ನು, ಅಪ್ಪನ ಕೈಗಡಿಯಾರ ಯಾರಿಗೆ ಸೇರಬೇಕಿತ್ತು, ಹೆಬ್ಬಾಳದ ಕೆರೆಗೆ ಈಜಲು ಹೋದದ್ದನ್ನು ಅಪ್ಪನಿಗೆ ಚಾಡಿ ಹೇಳಿದವರು ಯಾರು. ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಒಟ್ಟಿಗೆ ಆಚೆ ಬಂತು. ಅಕ್ಕಪಕ್ಕದ ಮಂಚದವರು ಎದ್ದು ಕೂತರು. ಸಂಜೆಯಾದರೂ ನಿಲ್ಲಲಿಲ್ಲ, ರಾತ್ರಿ ಊಟದ ಗಂಟೆ ಹೊಡೆದರೂ ನಿಲ್ಲಲಿಲ್ಲ. ಅಳು, ಬೈಗುಳ, ಮತ್ತೆ ಅಳು. ಅತ್ತೆ ಮಲಗಿದಲ್ಲಿಂದಲೇ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಕಣ್ಣಲ್ಲಿ ಧಾರಾಕಾರ ನೀರು, ತುಟಿಯಲ್ಲಿ ನಗು. ಅಷ್ಟು ಸುಖವಾಗಿದ್ದ ಮುಖವನ್ನು ನಾನು ಆ ಮನೆಗೆ ಬಂದಮೇಲೆ ನೋಡಿದ್ದೇ ಇಲ್ಲ.

ಕೊನೆಗೆ ಅವರು ಮೆಲ್ಲಗೆ ಎದ್ದು ಕೂತು, ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡು, ಅಷ್ಟು ವರ್ಷದ ಮೌನವ್ರತವನ್ನು ಮೊದಲ ಸಲ ಮುರಿದರು.

"ಇವರಿಬ್ರೂ ಮಾತಾಡ್ಲಪ್ಪಾ ಅಂತ ಇರೋ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ಈಗ ಬಾಯಿ ಮುಚ್ಲಿ ಅಂತ ಹೊತ್ಕೊಳ್ಳೋಣ ಅಂದ್ರೆ ಯಾವ ದೇವರೂ ಮಿಕ್ಕಿಲ್ವಲ್ಲೇ!"