ಮಲಗಿಸಿ ತೆಗೆದ ಮಂಡಿಯ ಚಿತ್ರ

ಮಾನ್ಯ ಎಕ್ಸ್-ರೇ ಯಂತ್ರದವರೇ,

ಮಂಡ್ಯದ ಆಸ್ಪತ್ರೆಯೊಂದರ ಕತ್ತಲೆ ಕೋಣೆಯಲ್ಲಿ ವಿರಾಜಮಾನರಾಗಿರುವ ತಮಗೆ, ಮದ್ದೂರಿನ ಗಣಿತದ ಮೇಷ್ಟರು ಪಾರ್ಥಸಾರಥಿಯವರ ಧರ್ಮಪತ್ನಿ ಆಂಡಾಳ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ನಂಬಿದ್ದೇನೆ. ಕಳೆದ ತಿಂಗಳು ತಾವು ಚಿತ್ರ ತೆಗೆದ ನನ್ನ ಎಡಮಂಡಿ ಮಾತ್ರ ಕ್ಷೇಮವಾಗಿಲ್ಲ.

ನೆಲದೊಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮೂವತ್ತು ವರ್ಷ ಬೇಯಿಸಿದ ಮಂಡಿ ಅದು. ಈಗ ಹುಳಿಯ ಪಾತ್ರೆ ಹಿಡಿದು ಏಳುವಾಗ ಪ್ರಾಣ ಹೋಗಿ ಬರುತ್ತದೆ. ನಿಂತು ಅಡುಗೆ ಮಾಡಲು ಒಂದು ಕಟ್ಟೆ ಕಟ್ಟಿಸಿಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇನೆ. ಸಾಧಿಸಿ ತೋರಿಸದೆ ಏನನ್ನೂ ಒಪ್ಪದ ನಮ್ಮ ಯಜಮಾನರು, ಎಕ್ಸ್-ರೇಯಲ್ಲಿ ನೋವು ಕಂಡರೆ ಮಾರನೆಯ ದಿನವೇ ಗಾರೆಯವನನ್ನು ಕರೆಸುವುದಾಗಿ ಮಾತು ಕೊಟ್ಟು, ತಮ್ಮ ಸನ್ನಿಧಿಗೆ ಕರೆತಂದರು. ಸರಿಯಾದ ಮಂಡಿ ಹೇಗಿರುತ್ತದೆಂದು ಹೋಲಿಸಿ ನೋಡಲು ಸ್ವಂತ ಮಂಡಿಯೊಂದರ ಚಿತ್ರವನ್ನೂ ಉದಾರವಾಗಿ ತೆಗೆಸಿಕೊಂಡರು.

ತಾವು ನನ್ನನ್ನು ಹಾಯಾಗಿ ಮಲಗಿಸಿ ಚಿತ್ರ ತೆಗೆದಿರಿ. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಮಂಡಿ ಚೆನ್ನಾಗಿದೆ ಎಂದರು. ಯಜಮಾನರ ಚಿತ್ರ ನೋಡಿ ಮಾತ್ರ ಮುಖ ಚಿಕ್ಕದು ಮಾಡಿಕೊಂಡು, ಮೂಳೆ ಸವೆದಿದೆ, ಕೀಲಿನ ಸಂದು ಮುಚ್ಚುತ್ತಾ ಬಂದಿದೆ, ನೆಲಕ್ಕೆ ಕೂರಬೇಡಿ ಎಂದರು. ಅಂದು ಬೆಳಿಗ್ಗೆ ಬಸ್ಸು ನಿಲ್ಲುವ ಮೊದಲೇ ಕೆಳಕ್ಕೆ ಹಾರಿದ್ದ ಮಹಾನುಭಾವರನ್ನು ಸಂಜೆ ಅದೇ ಬಸ್ಸಿಗೆ ಕಂಡಕ್ಟರು ರಟ್ಟೆ ಹಿಡಿದು ಹತ್ತಿಸಬೇಕಾಯಿತು. ಒಂದು ದಿನವೂ ನೋಯದ ಮಂಡಿಗೆ ಒಂದೇ ಮಧ್ಯಾಹ್ನದಲ್ಲಿ ನೋವು ಕಲಿಸಿದ ತಮ್ಮ ಸಾಮರ್ಥ್ಯಕ್ಕೆ ಎಷ್ಟು ಕೈ ಮುಗಿದರೂ ಸಾಲದು.

ಈಗ ಅವರ ಊಟಕ್ಕೆ ಮೇಜು ಕುರ್ಚಿ ಮಾಡಲು ಬಡಗಿ ತಿಮ್ಮಯ್ಯನಿಗೆ ಹೇಳಿಯಾಗಿದೆ. ನನ್ನ ಕಟ್ಟೆಯ ಮಾತೆತ್ತಿದರೆ ತಾವು ತೆಗೆದ ನನ್ನ ಮಂಡಿಯ ಚಿತ್ರವನ್ನು ಕಿಟಕಿಗೆ ಹಿಡಿದು ತೋರಿಸುತ್ತಾರೆ. ಮೊಸರು ತರುವ ದೇವಿರಮ್ಮ ಅದನ್ನು ನೋಡಿ, “ಎದ್ರೆ ನೋಯೋ ಮಂಡಿನ ಮನಗ್ಸಿ ಪಟ ತಗುದ್ರೆ ಅದ್ರಾಗೇನ್ ಕಂಡದು ಕಣಮ್ಮ?” ಎಂದಳು. ಅವಳು ಯಾವ ಕಾಲೇಜಿಗೂ ಹೋದವಳಲ್ಲ.

ವಿದೇಶದಲ್ಲಿ ಶಬ್ದದ ಅಲೆಗಳಿಂದಲೇ ದೇಹದ ಒಳಗನ್ನು ನೋಡುವ ಯಂತ್ರ ಬಂದಿದೆಯೆಂದು ಮೊನ್ನೆ ಯಜಮಾನರು ವಾರಪತ್ರಿಕೆ ಹಿಡಿದು ಗಟ್ಟಿಯಾಗಿ ಓದಿದರು. ನನ್ನ ಮಂಡಿಯ ಲಟಲಟ ನಡುಮನೆಯವರೆಗೂ ಕೇಳುತ್ತದೆ; ಶಬ್ದದಿಂದ ಕಾಣುವುದೇ ಆಗಿದ್ದರೆ ಅಲ್ಲಿ ಪತ್ರಿಕೆ ಓದುವವರಿಗೆ ಇಷ್ಟು ಹೊತ್ತಿಗೆ ಕಂಡಿರಬೇಕಿತ್ತು. ನೋವನ್ನು ಹೇಗೋ ತಡೆದುಕೊಳ್ಳುತ್ತೇನೆ. ಮೂವತ್ತು ವರ್ಷ ಜೊತೆಗಿದ್ದವರು ನನ್ನ ಮಾತು ಬಿಟ್ಟು ತಾವು ತೆಗೆದ ಚಿತ್ರವನ್ನು ನಂಬಿದರಲ್ಲ, ಅದಕ್ಕೆ ಅಳು ಬರುತ್ತದೆ.

ಆದ್ದರಿಂದ ತಾವು ದಯಮಾಡಿ ಬೆಳಗಿನ ಮೊದಲ ಬಸ್ಸಿಗೆ ಮದ್ದೂರಿಗೆ ಬಂದು, ಸ್ನಾನ ಮಾಡಿ ಮಡಿಯುಟ್ಟು, ನನ್ನ ಒಲೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದು, ನಾನು ಪಾತ್ರೆ ಹಿಡಿದು ಏಳುವ ಕ್ಷಣದಲ್ಲಿ ಇನ್ನೊಂದು ಚಿತ್ರ ತೆಗೆದುಕೊಡಬೇಕೆಂದು ಪ್ರಾರ್ಥನೆ. ಮಡಿಯಿಲ್ಲದೆ ಬಂದರೆ ಅಡುಗೆಮನೆಯ ಹೊಸ್ತಿಲಾಚೆಯೇ ನಿಲ್ಲಬೇಕಾದೀತು.

ಗೋಡೆ ಹಿಡಿದು ಎದ್ದು ಸಹಿ ಮಾಡುತ್ತಿರುವ
ತಮ್ಮ ವಿಶ್ವಾಸಿ,
ಆಂಡಾಳ್

ಮತ್ತೆ ಬರೆದದ್ದು: ತಾವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಪತ್ರ ಅಂಚೆಗೆ ಹಾಕುವ ಮೊದಲೇ, ಯಜಮಾನರು ಶಾಲೆಯಲ್ಲಿದ್ದಾಗ ತಿಮ್ಮಯ್ಯ ಮೇಜು ತಂದ. ನೇರ ಅಡುಗೆಮನೆಗೆ ಇಳಿಸಿಕೊಂಡು, ಸೀಮೆಎಣ್ಣೆ ಸ್ಟೌವ್ ಅದರ ಮೇಲಿಟ್ಟು, ನಿಂತೇ ಹುಳಿ ಮಾಡಿದೆ. ಯಜಮಾನರಿಗೆ ಎಂದಿನಂತೆ ನೆಲಕ್ಕೇ ಮಣೆ ಹಾಕಿದೆ. ಹಸಿದು ಬಂದವರು ಮಂಡಿಯನ್ನು ಮರೆತು ಚಕ್ಕಂಬಕ್ಕಳ ಹಾಕಿ ಕೂತು, ಎರಡು ಸಲ ಹುಳಿ ಬಡಿಸಿಕೊಂಡು, ಕೈಯೂರದೆ ಎದ್ದು ಹೋದರು.