ಗುಡವಿ ಕೆರೆ ಏರಿಯ ಮೇಲೊಂದು ಕ್ಯಾಂಪು

ಆ ಮುಂಜಾನೆ ಗುಡವಿ ಕೆರೆಗೆ ಯಾರೋ ಮಂಜಿನ ಪಂಚೆ ಹೊದಿಸಿ, 'ಇನ್ನೊಂದು ಗಳಿಗೆ ಮಲಕೋ' ಅಂದು ಹೋದಂತಿತ್ತು. ಹಕ್ಕಿಗಳ ಸದ್ದಿತ್ತು, ಹಕ್ಕಿಗಳು ಕಾಣುತ್ತಿರಲಿಲ್ಲ. ಏರಿಯ ಪಕ್ಕ ಹಾಸಿಗೆ ಹಾಕಿದ ವ್ಯಾನ್ ಗಾಡಿ ನಿಲ್ಲಿಸಿದ ಮಹೇಶ್ವರಪ್ಪ ಒಳಗಿನ ಪುಟ್ಟ ಒಲೆಯ ಮೇಲೆ ಚಹಾಕ್ಕಿಟ್ಟರು. ರೂಢಿಯಂತೆ ಎರಡು ಲೋಟ ತೆಗೆದಿದ್ದರು. ಒಂದನ್ನು ಮೆಲ್ಲಗೆ ಬೋರಲು ಹಾಕಿದರು.

ಸರ್ವೆ ಇಲಾಖೆಯಲ್ಲಿದ್ದು ಶಿಕಾರಿಪುರ, ಸೊರಬ ಎರಡೂ ತಾಲೂಕಿನ ಹೊಲ ಅಳೆದು, ಪೋಡಿ ಮಾಡಿ ಪಾಲು ಬಿಡಿಸಿದವರು ಅವರು. ಹೆಂಡತಿ ಸರ್ವಮಂಗಳ "ಒಂದ್ಸಲ ಸಮುದ್ರ ತೋರಿಸ್ರೀ" ಅಂದಾಗಲೆಲ್ಲ ಬಾಗಿಲಲ್ಲೇ ನಿಂತು "ಈ ಪೋಡಿ ಮುಗೀಲಿ" ಅನ್ನುತ್ತಿದ್ದರು. ಆಕೆ ಕನ್ನಡಕದ ಮೇಲಿಂದ ಒಮ್ಮೆ ನೋಡುವಳು. ಸಿಟ್ಟು ಬಂತು ಅಂದುಕೊಂಡು ಇವರು ಜಾಗ ಖಾಲಿ ಮಾಡುವರು. ಪೋಡಿ ಮುಗಿಯಲಿಲ್ಲ, ಆಕೆಯೇ ಲಿಂಗೈಕ್ಯಳಾದಳು.

ಈಗ ಅವಳ ಕನ್ನಡಕವನ್ನು ಗಾಡಿಯ ಮುಂಗಾಜಿನ ಬಳಿ ಬಸವಣ್ಣನ ಪಟದ ಮುಂದಿಟ್ಟುಕೊಂಡು ಹೊರಟಿದ್ದರು. ವರದಾ ಹೊಳೆಗುಂಟ ಬನವಾಸಿ, ಘಟ್ಟ ಇಳಿದು ಕುಮಟಾ. ಹೊತ್ತು ಮುಳುಗುವಾಗ ಆ ಕನ್ನಡಕಕ್ಕೆ ಸಮುದ್ರ ತೋರಿಸಬೇಕು. ನಾಳೆ ಮಧ್ಯಾಹ್ನದೊಳಗೆ ಈ ಬಾಡಿಗೆ ಗಾಡಿಯನ್ನು ಶಿಕಾರಿಪುರದ ರೇಣುಕಾಪ್ರಸಾದನಿಗೆ ಒಪ್ಪಿಸಬೇಕು.

ರೇಣುಕಾಪ್ರಸಾದ ಗಾಡಿಯ ಮೈಮೇಲೆ ಮೊಳದುದ್ದ ಅಕ್ಷರದಲ್ಲಿ 'ಕ್ಯಾಂಪ್ ಗಾಡಿ' ಎಂದು ಬರೆಸಿದ್ದ. ಎಡವಟ್ಟಾಗಿದ್ದು ಅಲ್ಲೇ.

"ಕಣ್ಣಿನ ಕ್ಯಾಂಪಾ ಸ್ವಾಮಿ?" ಹಾಲಿನ ಕ್ಯಾನು ಹಿಡಿದ ತಿಪ್ಪೇಶ ಇಣುಕಿದ.

"ಅಲ್ಲಪಾ, ನಾನೇ ಕ್ಯಾಂಪ್ ಮಾಡಾಕ ಬಂದೀನಿ."

"ಅದನ್ನೇ ಕೇಳಿದ್ದು ಮಾರಾಯ್ರೆ."

ಮುಂಗಾಜಿನ ಹಿಂದೆ ಕನ್ನಡಕ ಬೇರೆ ಕಂಡಿತು. ಚಹಾ ಉಕ್ಕುವಷ್ಟರಲ್ಲಿ ಹದಿನೈದು ಮಂದಿ ಆಧಾರ್ ಕಾರ್ಡು ಹಿಡಿದು ಸಾಲಾಗಿ ನಿಂತಿದ್ದರು. ಗಂಗಾಧರಪ್ಪ ಎಂಬ ಹಿರಿಯರು ಸೀದಾ ಒಳನುಗ್ಗಿ ಹಾಸಿಗೆಯ ಮೇಲೆ ಒರಗಿ ತೋಳು ಚಾಚಿದರು.

"ಬಿ.ಪಿ. ನೋಡಿ."

"ನಾ ಡಾಕ್ಟರಲ್ರೀ!"

"ಗೊತ್ತಾಯ್ತು ಬಿಡಿ, ಡಾಕ್ಟ್ರು ಇಷ್ಟು ಬೇಗ ಎಲ್ಲಿ ಬರ್ತಾರೆ? ನೀವು ಕಾಂಪೌಂಡರ್. ನೋಡಿ, ಪರವಾಗಿಲ್ಲ."

ಅವರನ್ನು ಎಬ್ಬಿಸಿ ಇಳಿಸುವುದು ಕೆಸರಿಂದ ಎಮ್ಮೆ ಎಬ್ಬಿಸಿದಂತಾಯಿತು. ತಿರುಗಿ ನೋಡಿದರೆ ಬಸವಣ್ಣ ಒಬ್ಬನೇ ಇದ್ದ. ಕನ್ನಡಕ ಇರಲಿಲ್ಲ!

"ಬಂಗಾರಮ್ಮಜ್ಜಿ ತಗೊಂಡ್ಳು," ಅಂದ ತಿಪ್ಪೇಶ. "ಮೂಗಿಗೆ ಸರಿ ಕೂತ್ತು ಅಂತ ಖುಷಿಯಾಗಿ ಚಂದ್ರಗುತ್ತಿ ಬಸ್ ಹತ್ತಿದ್ಳು. ಮಗಳ ಮನೆಗೆ."

ಮಹೇಶ್ವರಪ್ಪ ಗಾಡಿ ತಿರುಗಿಸಿದರು. ಚಂದ್ರಗುತ್ತಿಯಲ್ಲಿ ಇಳಿದು "ಕನ್ನಡಕದ ಅಜ್ಜಿ..." ಅನ್ನುವಷ್ಟರಲ್ಲಿ ಅಲ್ಲೂ ಸಾಲು. ಒಬ್ಬ ಕುಂಟುವ ಕರುವನ್ನೇ ಹೊಡೆದುಕೊಂಡು ಬಂದ. ಎಲ್ಲರಿಗೂ ಕೈಮುಗಿದು ಅಜ್ಜಿಯ ಮಗಳು ಕರುಣಾಳ ಮನೆ ಹುಡುಕಿ, ಸಂಗತಿಯೆಲ್ಲ ಹೇಳುವ ಹೊತ್ತಿಗೆ ಮಧ್ಯಾಹ್ನ ಜಾರಿತ್ತು.

"ಅಯ್ಯೋ, ಅವ್ವ ಈಗಷ್ಟೇ ಗುಡವಿಗೆ ಹೊರಟ್ಳಲ್ಲ! ಬಸ್ ತಪ್ಪಿ ಒಳದಾರೀಲಿ ನಡ್ಕಂಡೇ ಹೋದ್ಳೇನೋ. ತಡೀರಿ, ಫೋನ್ ಮಾಡ್ತೀನಿ."

ಗುಡವಿಗೆ ಮರಳಿ, ಬೀಗ ಹಾಕಿದ ಅಜ್ಜಿಯ ಮನೆಯ ಕಟ್ಟೆಯ ಮೇಲೆ ಮಹೇಶ್ವರಪ್ಪ ಒಬ್ಬರೇ ಕೂತರು. ಸಾಲು ಕರಗಿತ್ತು. ಬೆಳಿಗ್ಗೆ ಕಾಣದ ಹಕ್ಕಿಗಳೆಲ್ಲ ಈಗ ಜೋಡಿ ಜೋಡಿಯಾಗಿ ಕೆರೆಗಿಳಿಯುತ್ತಿದ್ದವು. ಘಟ್ಟದಾಚೆ ಹೊತ್ತು ತನ್ನ ಪಾಡಿಗೆ ಮುಳುಗಿತು.

ಅಜ್ಜಿ ಬಂದಾಗ ಕನ್ನಡಕ ಸೆರಗಿನ ಗಂಟಿನಲ್ಲಿತ್ತು.

"ತಪ್ಪಾಯ್ತು ಸ್ವಾಮಿ. ನಿಮ್ಮ ಮನೆಯೋರದ್ದಂತೆ. ಕರುಣಾ ಹೇಳಿದ್ಲು."

"ಅದಕ್ಕೆ ಸಮುದ್ರ ತೋರಿಸೋದಿತ್ತಮ್ಮ."

ಅಜ್ಜಿ ಅವರನ್ನೇ ನೋಡಿದಳು. "ಇದು ಹತ್ರದ್ದು ನೋಡೋ ಕನ್ನಡಕ ಸ್ವಾಮಿ. ಮಗಳ ಮನೇಲಿ ಎರಡು ಸೇರು ಅಕ್ಕಿ ಆರಿಸಿದೆ, ಒಂದೊಂದು ಕಲ್ಲೂ ಕಾಣ್ತು. ದೂರ ನೋಡಿದ್ರೆ ಬರೀ ಮಂಜು. ಕೆರೆನೇ ಕಾಣಲ್ಲ, ಇನ್ನು ಸಮುದ್ರ ಎಲ್ಲಿಂದ ಕಾಣ್ಬೇಕು? ದೂರ ನಿಂತೋರನ್ನ ನೋಡ್ಬೇಕಂದ್ರೆ ಇದರ ಮೇಲಿಂದಲೇ ನೋಡ್ಬೇಕು."

ಮಹೇಶ್ವರಪ್ಪನವರಿಗೆ ಕನ್ನಡಕದ ಮೇಲಿಂದ ಬರುತ್ತಿದ್ದ ಹೆಂಡತಿಯ ಆ ನೋಟ ನೆನಪಾಯಿತು. ಇಷ್ಟು ವರ್ಷ ಅದನ್ನು ಸಿಟ್ಟು ಅಂದುಕೊಂಡಿದ್ದರು. ತಾವು ಬಾಗಿಲಲ್ಲೇ, ದೂರ ನಿಂತಿದ್ದರು.

ಬಂಗಾರಮ್ಮ ಗಾಜುಗಳನ್ನು ಸೆರಗಿನಿಂದ ಒರೆಸಿ, ಕಡ್ಡಿ ಮಡಚಿ, ಸದ್ದಿಲ್ಲದೆ ಅವರ ಅಂಗೈಯಲ್ಲಿಟ್ಟಳು.